ಸೋಮನಾಥಪುರದಿಂದ ಅಂಬಾವಿಲಾಸದವರೆಗೆ: ಪುಟ್ಟ ಕ್ಯಾಮೆರಾದಲ್ಲಿ ಹಳೆಯ ಕಟ್ಟಡಗಳ ಫೋಟೋ ತೆಗೆಯುವುದು, ತಿದ್ದುವುದು

ಸೋಮನಾಥಪುರದ ಕೇಶವ ದೇವಾಲಯದ ಉತ್ತರ ಗೋಡೆಯನ್ನು ಡಿಸೆಂಬರಿನಲ್ಲಿ ತೆಗೆದರೆ ಮಹಾಭಾರತದ ಪಟ್ಟಿಕೆ (ಗೋಡೆಯ ಉದ್ದಕ್ಕೂ ಸಾಗುವ ಉಬ್ಬುಶಿಲ್ಪದ ಸಾಲು) ಬೂದಿ ಬಳಿದ ಹಾಗೆ ಚಪ್ಪಟೆಯಾಗಿ ಕಾಣುತ್ತದೆ. ಅದೇ ಗೋಡೆಯನ್ನು ಮೇ ತಿಂಗಳ ಬೆಳಿಗ್ಗೆ ತೆಗೆದರೆ ಒಂದೊಂದು ಆಕೃತಿಯೂ ಕಲ್ಲಿನಿಂದ ಎದ್ದು ಬರುತ್ತದೆ. ಕ್ಯಾಮೆರಾ ಅದೇ, ಗೋಡೆ ಅದೇ, ಬದಲಾದದ್ದು ಬಿಸಿಲು ಬೀಳುವ ಕೋನ ಮಾತ್ರ. ಜೇಬಿನಲ್ಲಿ ಹಿಡಿಯುವ ಕ್ಯಾಮೆರಾ ಇಟ್ಟುಕೊಂಡು ದೊಡ್ಡ ಕ್ಯಾಮೆರಾ ಕೊಳ್ಳಬೇಕೇ ಎಂದು ಯೋಚಿಸುವವರು ಮೊದಲು ಎಲ್ಲಿ ನಿಲ್ಲಬೇಕು, ಯಾವ ಹೊತ್ತಿಗೆ ನಿಲ್ಲಬೇಕು ಎಂಬುದನ್ನು ಸರಿಮಾಡಿಕೊಳ್ಳುವುದು ಒಳ್ಳೆಯದು. ಈ ಎರಡು ಸರಿಯಾದರೆ ಮುಕ್ಕಾಲು ಕೆಲಸ ಮುಗಿದಂತೆ. ಉಳಿದ ಕಾಲು ಭಾಗ ಕಂಪ್ಯೂಟರಿನಲ್ಲಿ ಆಗುತ್ತದೆ.

ಬಿಸಿಲಿನ ಲೆಕ್ಕ

ಮೈಸೂರು ಸುಮಾರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ 20ರ ಸುಮಾರಿನವರೆಗೆ ಸೂರ್ಯ ಇಡೀ ದಿನ ನಮಗೆ ಉತ್ತರದಲ್ಲೇ ಇರುತ್ತಾನೆ. ಆ ನಾಲ್ಕು ತಿಂಗಳು ನೇರ ದಕ್ಷಿಣಕ್ಕೆ ಮುಖ ಮಾಡಿದ ಗೋಡೆಗೆ ಬಿಸಿಲು ತಾಕುವುದೇ ಇಲ್ಲ. ಸೆಪ್ಟೆಂಬರ್ 23ರಿಂದ ಮಾರ್ಚ್ 21ರವರೆಗೆ ಇದಕ್ಕೆ ಪೂರ್ತಿ ಉಲ್ಟಾ: ನೇರ ಉತ್ತರದ ಗೋಡೆ ಆರು ತಿಂಗಳು ನೆರಳಲ್ಲೇ ಇರುತ್ತದೆ.

ಸೋಮನಾಥಪುರದಲ್ಲಿ ಈ ಲೆಕ್ಕ ಬಲು ಉಪಯೋಗಕ್ಕೆ ಬರುತ್ತದೆ. 1258ರಲ್ಲಿ ಸೋಮನಾಥ ದಂಡನಾಯಕ ಕಟ್ಟಿಸಿದ ಈ ತ್ರಿಕೂಟಾಚಲ ಪೂರ್ವಕ್ಕೆ ಮುಖ ಮಾಡಿದೆ. ಮೂರು ಗರ್ಭಗುಡಿಗಳು ದಕ್ಷಿಣ, ಪಶ್ಚಿಮ, ಉತ್ತರಕ್ಕೆ ಚಾಚಿಕೊಂಡಿವೆ. ಪ್ರದಕ್ಷಿಣೆ ಬಂದರೆ ದಕ್ಷಿಣದಲ್ಲಿ ರಾಮಾಯಣ, ಹಿಂಬದಿಯಲ್ಲಿ ಕೃಷ್ಣನ ಕಥೆಗಳು, ಉತ್ತರದಲ್ಲಿ ಮಹಾಭಾರತ ಸಿಗುತ್ತವೆ. ಹಾಗಾಗಿ ರಾಮಾಯಣಕ್ಕೆ ನವೆಂಬರಿನಿಂದ ಫೆಬ್ರವರಿ, ಮಹಾಭಾರತಕ್ಕೆ ಏಪ್ರಿಲ್ ಕೊನೆಯಿಂದ ಮಳೆ ಹಿಡಿಯುವವರೆಗೆ, ಕೃಷ್ಣನಿಗೆ ವರ್ಷದ ಯಾವ ದಿನವಾದರೂ ಮಧ್ಯಾಹ್ನ 3ರ ಮೇಲೆ. ಒಂದೇ ದಿನದಲ್ಲಿ ಮೂರನ್ನೂ ಚೆನ್ನಾಗಿ ತೆಗೆಯುತ್ತೇನೆ ಎಂದು ಹೊರಟರೆ ಒಂದಾದರೂ ಕೈಕೊಡುತ್ತದೆ. ಎರಡು ಸಲ ಹೋಗಿ. ಮೈಸೂರಿನಿಂದ ಮೂವತ್ತೈದು ಕಿಲೋಮೀಟರ್ ಅಷ್ಟೆ.

ಉಬ್ಬುಶಿಲ್ಪಕ್ಕೆ ಬೇಕಾದದ್ದು ಗೋಡೆಯನ್ನು ಸವರಿಕೊಂಡು ಹೋಗುವ ಬಿಸಿಲು. ಮೇ ಮೂರನೇ ವಾರ ಬೆಳಿಗ್ಗೆ 9.30ಕ್ಕೆ ಉತ್ತರ ಗೋಡೆಗೆ ಸೂರ್ಯ ಹದಿನೈದಿಪ್ಪತ್ತು ಡಿಗ್ರಿಯಷ್ಟೇ ಓರೆಯಾಗಿರುತ್ತಾನೆ. ಕೆಳಗಿನ ಪಟ್ಟಿಕೆಗಳಿಗೆ ಇದಕ್ಕಿಂತ ಒಳ್ಳೆಯ ಬೆಳಕಿಲ್ಲ. ಆದರೆ ಬಿಸಿಲು ಮೇಲಿನಿಂದಲೂ ಕಡಿದಾಗಿ ಇಳಿಯುವುದರಿಂದ ಸೂರಿನ ನೆರಳು ಮೇಲಿನ ದೊಡ್ಡ ವಿಗ್ರಹಗಳ ಮುಖದ ಮೇಲೆ ಕತ್ತರಿಸಿದಂತೆ ಬೀಳುತ್ತದೆ. ಆ ವಿಗ್ರಹಗಳಿಗೆ ತೆಳುಮೋಡದ ದಿನವೇ ಸರಿ. ಕಿರೀಟ, ಹಾರ, ಕೈಯಲ್ಲಿನ ಆಯುಧ ಎಲ್ಲವೂ ಒಂದೇ ಹದದಲ್ಲಿ ಕಾಣುತ್ತವೆ. ದಟ್ಟ ಮೋಡದ ದಿನ ಮಾತ್ರ ಆಳ ಸತ್ತುಹೋಗುತ್ತದೆ. ಅಂದು ಗೋಡೆ ಬಿಟ್ಟು ಒಳಗಿನ ಕಂಬ, ಛಾವಣಿಗಳ ಕಡೆ ಹೋಗಿ.

ನಕ್ಷತ್ರಾಕಾರದ ತಳವಿನ್ಯಾಸ ಇನ್ನೊಂದು ಪಾಠ ಕಲಿಸುತ್ತದೆ. ಗೋಡೆ ಮೂಲೆ ಮೂಲೆಯಾಗಿ ತಿರುಗುವುದರಿಂದ ಒಂದು ಮುಖಕ್ಕೆ ಬಿಸಿಲು ಬಿದ್ದಾಗ ಪಕ್ಕದ ಮುಖ ಕತ್ತಲಲ್ಲಿರುತ್ತದೆ. ಹದಿನೈದು ನಿಮಿಷ ಕಾದರೆ ಬೆಳಕು ಪಕ್ಕಕ್ಕೆ ಸರಿಯುತ್ತದೆ. ಗುಡಿ ನಿಂತಿರುವ ಕಟ್ಟೆಯಾದ ಜಗತಿಯ ಮೇಲೆ ಒಂದು ಸುತ್ತು ಸುಮ್ಮನೆ ಬಂದು, ಯಾವ ಮುಖಕ್ಕೆ ಯಾವಾಗ ಬೆಳಕು ಬರುತ್ತದೆ ಎಂದು ನೋಡಿಕೊಂಡು, ಎರಡನೇ ಸುತ್ತಿನಲ್ಲಿ ತೆಗೆಯಿರಿ. ಅಂದ ಹಾಗೆ ಇಲ್ಲಿ ಸೂರ್ಯ ನೆತ್ತಿಗೇರುವುದು 12 ಗಂಟೆಗೆ ಸರಿಯಾಗಿ ಅಲ್ಲ. ತಿಂಗಳಿಗೆ ತಕ್ಕಂತೆ 12.05ರಿಂದ 12.40ರೊಳಗೆ. ಅದರ ಹಿಂದೆ ಮುಂದೆ ಒಂದೊಂದು ಗಂಟೆ ಊಟಕ್ಕೆ, ನೆರಳಿಗೆ ಇರಲಿ.

ಮೈಸೂರು ಅರಮನೆಯ, ಅಂದರೆ ಅಂಬಾವಿಲಾಸದ, ಮುಂಭಾಗವೂ ಪೂರ್ವಕ್ಕೆ. ಬೆಳಿಗ್ಗೆ ಬೂದು ಗ್ರಾನೈಟು, ನಸುಗೆಂಪು ಗುಮ್ಮಟ ಎರಡೂ ಬಣ್ಣ ಬಿಡುತ್ತವೆ. ಸಂಜೆ ಅದೇ ಜಾಗದಲ್ಲಿ ನಿಂತರೆ ಸೂರ್ಯ ಕಟ್ಟಡದ ಬೆನ್ನಿಗಿದ್ದು, ಆಕಾಶ ಬಿಳುಪಾಗಿ, ಅರಮನೆ ಕಪ್ಪು ಗುಡ್ಡದಂತೆ ಬರುತ್ತದೆ.

ಕ್ಯಾಮೆರಾದ ಹೊಂದಾಣಿಕೆ

ರಾ ಫೈಲ್ (ಕ್ಯಾಮೆರಾ ತಾನೇ ತಿದ್ದದೆ ಹಾಗೇ ಉಳಿಸುವ ಚಿತ್ರ) ಕೊಡುವ ಕ್ಯಾಮೆರಾ ಆಗಿದ್ದರೆ ರಾ ಮತ್ತು ಜೆಪೆಗ್ ಎರಡನ್ನೂ ಆನ್ ಮಾಡಿ. ರಾ ಇಲ್ಲದಿದ್ದರೆ ಜೆಪೆಗ್ ಅತ್ಯುತ್ತಮ ಗುಣಮಟ್ಟಕ್ಕೆ, ಕಾಂಟ್ರಾಸ್ಟ್ ಕಡಿಮೆಗೆ, ನಾಯ್ಸ್ ರಿಡಕ್ಷನ್ ಕನಿಷ್ಠಕ್ಕೆ. ನಾಯ್ಸ್, ಅಂದರೆ ಚಿತ್ರದ ಕಾಳುಕಾಳು ಚುಕ್ಕೆ, ತೆಗೆಯುವ ಭರದಲ್ಲಿ ಕ್ಯಾಮೆರಾ ಕಲ್ಲಿನ ಉಳಿಗೆರೆಗಳನ್ನೂ ಒರೆಸಿಹಾಕುತ್ತದೆ. ಡಿಜಿಟಲ್ ಜೂಮ್ ಆಫ್. ಪರದೆಯ ಮೇಲೆ ಗ್ರಿಡ್ ಗೆರೆ ಮತ್ತು ಲೆವೆಲ್ ಸೂಚಕ ಆನ್.

ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ರಂಧ್ರ; ಎಫ್ ಸಂಖ್ಯೆ ದೊಡ್ಡದಾದಷ್ಟೂ ರಂಧ್ರ ಚಿಕ್ಕದು) ವಿಷಯದಲ್ಲಿ ದೊಡ್ಡ ಕ್ಯಾಮೆರಾದವರ ಮಾತು ಕೇಳಿ ಎಫ್/11 ಇಡಬೇಡಿ. ಬೆಳಕು ಹಿಡಿಯುವ ಚಿಪ್, ಅಂದರೆ ಸೆನ್ಸರ್, ಒಂದು ಇಂಚು ಎನ್ನುವ ಗಾತ್ರದ್ದಾಗಿರುವ ಕ್ಯಾಮೆರಾಗಳು (ಸೋನಿ ಆರ್‌ಎಕ್ಸ್100, ಕ್ಯಾನನ್ ಜಿ7ಎಕ್ಸ್ ಜಾತಿಯವು) ಎಫ್/4ರಿಂದ ಎಫ್/5.6ರಲ್ಲಿ ಅತ್ಯಂತ ಚೂಪು. ಎಫ್/8 ದಾಟಿದರೆ ಸಣ್ಣ ರಂಧ್ರದಲ್ಲಿ ಬೆಳಕು ಚದುರಿ ಚಿತ್ರ ಮೆತ್ತಗಾಗುತ್ತದೆ. ಇನ್ನೂ ಚಿಕ್ಕ ಸೆನ್ಸರಿನ ಕ್ಯಾಮೆರಾಗಳಿಗೆ ಎಫ್/2.8ರಿಂದ ಎಫ್/4 ಸಾಕು. ಸೆನ್ಸರ್ ಚಿಕ್ಕದಾದಷ್ಟೂ ಒಂದೇ ಅಪರ್ಚರಿನಲ್ಲಿ ಹೆಚ್ಚು ಆಳ ಸ್ಪಷ್ಟವಾಗಿ ಬರುತ್ತದೆ. ಎಫ್/4ರಲ್ಲೇ ಮುಂದಿನ ಕಂಬವೂ ಹಿಂದಿನ ಗೋಪುರವೂ ಚೂಪಾಗಿರುತ್ತವೆ. ಬೆಳಕಿಗೆ ಸೆನ್ಸರ್ ಎಷ್ಟು ಸೂಕ್ಷ್ಮ ಎಂದು ಹೇಳುವ ಐಎಸ್‌ಒ ಹೊರಗಡೆ 125, ಒಳಗಡೆ 800ರವರೆಗೆ. ಚಿಕ್ಕ ಸೆನ್ಸರಿಗೆ 400 ಮೇಲ್ಮಿತಿ.

ಎಕ್ಸ್‌ಪೋಷರಿನಲ್ಲಿ (ಎಷ್ಟು ಬೆಳಕು ಒಳಬಿಡಬೇಕೆಂಬ ಲೆಕ್ಕದಲ್ಲಿ) ಕ್ಯಾಮೆರಾ ಪದೇ ಪದೇ ಮಾಡುವ ತಪ್ಪು ಒಂದೇ. ಕಂಡದ್ದನ್ನೆಲ್ಲ ಅದು ನಡುಬೂದು ಎಂದುಕೊಳ್ಳುತ್ತದೆ. ಹೊಯ್ಸಳರ ಬಳಪದ ಕಲ್ಲು ಕಪ್ಪು ಹಸಿರು ಮಿಶ್ರಿತ ಬೂದು. ಅದು ಚೌಕಟ್ಟು ತುಂಬಿದರೆ ಕ್ಯಾಮೆರಾ ಬೆಳಕು ಹೆಚ್ಚಿಸಿ ಕಲ್ಲನ್ನು ಸಿಮೆಂಟಿನಂತೆ ಮಾಡುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಮೈನಸ್ 0.3ರಿಂದ 0.7ಕ್ಕೆ ಇಳಿಸಿ. ಲಲಿತಮಹಲಿನಂಥ ಬಿಳಿ ಕಟ್ಟಡ ತುಂಬಿದರೆ ಅದನ್ನು ಮಾಸಲು ಮಾಡುತ್ತದೆ. ಪ್ಲಸ್ 0.7ಕ್ಕೆ ಏರಿಸಿ. ಕಪ್ಪು ಕಲ್ಲಿನ ಹಿಂದೆ ಹೊಳೆಯುವ ಆಕಾಶವಿದ್ದರೆ ಆಕಾಶವನ್ನು ಉಳಿಸಿಕೊಳ್ಳಿ. ಕತ್ತಲಾದ ಕಲ್ಲನ್ನು ರಾ ಫೈಲಿನಲ್ಲಿ ಎರಡು ಸ್ಟಾಪಿನಷ್ಟು, ಅಂದರೆ ನಾಲ್ಕು ಪಟ್ಟು, ಮೇಲೆತ್ತಬಹುದು, ಬೆಳ್ಳಗೆ ಸುಟ್ಟುಹೋದ ಆಕಾಶವನ್ನು ಯಾರೂ ಮರಳಿ ತರಲಾರರು.

ಫ್ಲ್ಯಾಶ್ ಆಫ್ ಆಗಿಯೇ ಇರಲಿ. ಲೆನ್ಸಿನ ಪಕ್ಕದಿಂದಲೇ ನೇರ ಹೊಡೆಯುವ ಬೆಳಕು ಕೆತ್ತನೆಯ ನೆರಳನ್ನೆಲ್ಲ ನುಂಗುತ್ತದೆ. ಶ್ರೀರಂಗಪಟ್ಟಣದ ದರಿಯಾ ದೌಲತ್‌ನಲ್ಲಿ ಪೊಳ್ಳಿಲೂರು ಕದನದ ಭಿತ್ತಿಚಿತ್ರಗಳಿವೆ. ಅಂಥ ಬಣ್ಣಗಳಿಗೆ ಬೆಳಕೇ ಶತ್ರು. ಫೋಟೋ ನಿಷೇಧದ ಫಲಕವಿರುವ ಕಡೆ ಕ್ಯಾಮೆರಾ ಚೀಲದೊಳಗಿರಲಿ. ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಮೊದಲೇ ಅನುಮತಿ ಬೇಕು. ಆದ್ದರಿಂದ ಟ್ರೈಪಾಡ್ ಇಲ್ಲದೆ ಕೆಲಸ ಮಾಡುವುದನ್ನು ರೂಢಿಸಿಕೊಳ್ಳಿ.

ಗೆರೆ ನೆಟ್ಟಗಿರಬೇಕಾದರೆ

ಎತ್ತರದ ಕಟ್ಟಡ ಹಿಡಿಸಲು ಕ್ಯಾಮೆರಾವನ್ನು ಮೇಲಕ್ಕೆ ಓರೆ ಮಾಡಿದ ಕೂಡಲೇ ಕಟ್ಟಡ ಹಿಂದಕ್ಕೆ ಬಿದ್ದಂತೆ ಕಾಣುತ್ತದೆ. ಲೆನ್ಸ್ ಕೆಟ್ಟದ್ದೆಂದು ಅನೇಕರು ತಿಳಿಯುತ್ತಾರೆ. ಕಾರಣ ಅದಲ್ಲ. ಸೆನ್ಸರ್ ಗೋಡೆಗೆ ಸಮಾನಾಂತರವಾಗಿ ಇಲ್ಲದಿದ್ದರೆ ಗೋಡೆಯ ಮೇಲ್ಭಾಗ ಸೆನ್ಸರಿನಿಂದ ದೂರವಾಗಿ ಚಿಕ್ಕದಾಗುತ್ತದೆ. ಯಾವ ಬೆಲೆಯ ಲೆನ್ಸಾದರೂ ಇದು ತಪ್ಪದು.

ಪರಿಹಾರ ಸುಲಭ: ಕ್ಯಾಮೆರಾ ಮಟ್ಟವಾಗಿ ಹಿಡಿದು ಸಾಕಷ್ಟು ಹಿಂದೆ ಹೋಗುವುದು. ಎಷ್ಟು ಹಿಂದೆ? 24 ಮಿ.ಮೀ. ಸಮಾನ ಜೂಮಿನಲ್ಲಿ ಕ್ಯಾಮೆರಾ ನಿಲುವಾಗಿ ಹಿಡಿದರೆ, ಕಟ್ಟಡದ ಎತ್ತರದಿಂದ ನಿಮ್ಮ ಕಣ್ಣಿನ ಎತ್ತರ ಕಳೆದು 0.75ರಿಂದ ಭಾಗಿಸಿ. ಅಡ್ಡವಾಗಿ ಹಿಡಿದರೆ 0.5ರಿಂದ. ಅರಮನೆಯ ನಡುಗೋಪುರ 145 ಅಡಿ, ಅಂದರೆ 44 ಮೀಟರ್. ನಿಲುವಿಗೆ ಸುಮಾರು 57 ಮೀಟರ್, ಅಡ್ಡಕ್ಕೆ 85 ಮೀಟರ್ ಹಿಂದೆ ನಿಂತರೆ ತುದಿ ಚೌಕಟ್ಟಿನೊಳಗೆ ಬರುತ್ತದೆ. ಅರಮನೆಯ ಅಂಗಳ ಇಷ್ಟಕ್ಕೆ ಧಾರಾಳ ಜಾಗ ಕೊಡುತ್ತದೆ. ಸಂತ ಫಿಲೋಮಿನಾ ಚರ್ಚಿನ ಜೋಡಿ ಶಿಖರ 175 ಅಡಿ. ಅಲ್ಲಿ ನಿಲುವಿಗೇ 69 ಮೀಟರ್ ಬೇಕು, ನಡುವೆ ಅಡ್ಡ ಬರುವುದನ್ನು ನೋಡಿಕೊಂಡು ಜಾಗ ಹುಡುಕಬೇಕು.

ಹೀಗೆ ತೆಗೆದ ಚಿತ್ರದ ಕೆಳಗಿನ ಅರ್ಧ ಬರೀ ನೆಲವಾಗಿರುತ್ತದೆ. ಗಾಬರಿ ಬೇಡ, ಅದನ್ನು ಕತ್ತರಿಸುವುದಕ್ಕೇ ಬಿಟ್ಟದ್ದು. 20 ಮೆಗಾಪಿಕ್ಸೆಲಿನ ನಿಲುವು ಚಿತ್ರ 3648×5472 ಇರುತ್ತದೆ. ಕೆಳಗಿನಿಂದ 2000 ಪಿಕ್ಸೆಲ್ ತೆಗೆದರೂ 3648×3472 ಉಳಿಯಿತು. ಎ4 ಹಾಳೆಗೆ ಇಂಚಿಗೆ 300 ಚುಕ್ಕೆಯಂತೆ ಮುದ್ರಿಸಲು 3508×2480 ಸಾಕು.

ಜಾಗವೇ ಇಲ್ಲದ ಕಡೆ, ಮೈಸೂರಿನ ದೊಡ್ಡ ಗಡಿಯಾರದ ಗೋಪುರದ ಸುತ್ತ ಗಾಡಿ ನಿಂತಿರುವಾಗ ಆಗುವಂತೆ, ಓರೆ ಮಾಡಿ ತೆಗೆದು ಆಮೇಲೆ ತಿದ್ದಿ. ಆಗ ಎಡಕ್ಕೂ ಬಲಕ್ಕೂ ಕಟ್ಟಡದ ಅಗಲದ ಕಾಲು ಭಾಗದಷ್ಟು ಖಾಲಿ ಬಿಡಿ. ತಿದ್ದುವಾಗ ಅಂಚುಗಳು ಕತ್ತರಿಸಿಹೋಗುತ್ತವೆ. ಕಳಶವನ್ನು ಚೌಕಟ್ಟಿನ ಅಂಚಿಗೆ ತಾಗಿಸಿ ತೆಗೆದವರು ಕಂಪ್ಯೂಟರಿನ ಮುಂದೆ ಪರಿತಪಿಸುತ್ತಾರೆ.

ನೇರ ಎದುರಿನಿಂದ ತೆಗೆಯುವಾಗ ಬಾಗಿಲಿನ ನಡುಗೆರೆಯೂ ಮೇಲಿನ ಕಳಶವೂ ಒಂದೇ ಗೆರೆಯಲ್ಲಿವೆಯೇ ನೋಡಿ. ಅರ್ಧ ಅಡಿ ಪಕ್ಕಕ್ಕೆ ನಿಂತರೂ ಚಿತ್ರದಲ್ಲಿ ಗೊತ್ತಾಗುತ್ತದೆ. ನೆಲಹಾಸಿನ ಕಲ್ಲುಗಳ ಜೋಡಣೆ ಗೆರೆ ಹಿಡಿದು ಹಿಂದೆ ನಡೆದರೆ ನಡುವೆಯೇ ಉಳಿಯುತ್ತೀರಿ.

ಒಳಗಿನ ಛಾವಣಿ

ಸೋಮನಾಥಪುರದ ಒಳಗೆ 16 ಛಾವಣಿ ಅಂಕಣಗಳಿವೆ, ಒಂದಕ್ಕೊಂದು ಬೇರೆ ಕೆತ್ತನೆ. ಕತ್ತಲಲ್ಲಿ ಕತ್ತು ಮೇಲೆತ್ತಿ ಕೈಯಲ್ಲಿ ಹಿಡಿದು ತೆಗೆದರೆ ಅಲುಗುವುದು ಖಂಡಿತ, ಚೌಕವೂ ಸೊಟ್ಟ. ಪುಟ್ಟ ಕ್ಯಾಮೆರಾ ದೊಡ್ಡದನ್ನು ಸೋಲಿಸುವುದು ಇಲ್ಲಿಯೇ. ಅದನ್ನು ನೆಲದ ಮೇಲೆ ಅಂಗಾತ ಮಲಗಿಸಬಹುದು.

ಅಂಕಣದ ನಾಲ್ಕು ಕಂಬಗಳ ನಡುಬಿಂದು ಕಂಡುಕೊಳ್ಳಿ. ಮೂಲೆಯಿಂದ ಮೂಲೆಗೆ ಎದುರಾಗುವ ಕಂಬಗಳನ್ನು ಮನಸ್ಸಿನಲ್ಲೇ ಗೆರೆಯಿಂದ ಜೋಡಿಸಿದರೆ ಗೆರೆಗಳು ಸೇರುವ ಜಾಗವೇ ಅದು. ಮಡಿಸಿದ ಕರವಸ್ತ್ರ ಹಾಸಿ, ಪರದೆ ಕೆಳಗೆ ಲೆನ್ಸ್ ಮೇಲೆ ಬರುವಂತೆ ಕ್ಯಾಮೆರಾ ಇಡಿ. ದೇಹದ ಉದ್ದನೆಯ ಅಂಚು ಮೇಲಿನ ತೊಲೆಗೆ ಸಮಾನಾಂತರವಾಗಿರಲಿ. 24 ಮಿ.ಮೀ.ನಲ್ಲಿ ಛಾವಣಿ ಮೂರು ಮೀಟರ್ ಮೇಲಿದ್ದರೆ ಸುಮಾರು 4.5×3 ಮೀಟರ್ ಜಾಗ ಚೌಕಟ್ಟು ತುಂಬುತ್ತದೆ. ಐಎಸ್‌ಒ 125, ಎಫ್/4, 2 ಸೆಕೆಂಡಿನಿಂದ ಶುರುಮಾಡಿ. ಸೆಲ್ಫ್ ಟೈಮರ್ 10 ಸೆಕೆಂಡ್ ಇಟ್ಟು ನೀವು ಚೌಕಟ್ಟಿನಿಂದ ಆಚೆ ಸರಿಯಿರಿ, ಇಲ್ಲದಿದ್ದರೆ ನಿಮ್ಮ ಮೂಗು ಮೂಲೆಯಲ್ಲಿ ಬರುತ್ತದೆ. ಅಲುಗಾಟ ತಡೆಯುವ ಸ್ಟೆಬಿಲೈಸೇಷನ್ ಆಫ್ ಮಾಡಿ. ನಿಶ್ಚಲವಾಗಿರುವಾಗ ಕೆಲವು ಕ್ಯಾಮೆರಾಗಳಲ್ಲಿ ಅದೇ ಅಲುಗಾಟ ತರುತ್ತದೆ. ನಡುವಿನ ಪದ್ಮ ಕತ್ತಲಾಗಿ ಅಂಚು ಬೆಳಕಾಗಿದ್ದರೆ ಅರ್ಧ, ಎರಡು, ಎಂಟು ಸೆಕೆಂಡಿನ ಮೂರು ಚಿತ್ರ ತೆಗೆದುಕೊಂಡು ಆಮೇಲೆ ಸೇರಿಸಿ. ಫೋಕಸ್ ಕತ್ತಲಲ್ಲಿ ತಡಕಾಡಿದರೆ, ಅಷ್ಟೇ ದೂರದಲ್ಲಿರುವ ಬೆಳಕಿನ ಅಂಚಿಗೆ ಫೋಕಸ್ ಮಾಡಿ ಮ್ಯಾನ್ಯುಯಲ್‌ಗೆ ಲಾಕ್ ಮಾಡಿ. ಜನ ಓಡಾಡುವ ದಾರಿಯಲ್ಲಿ ಇಡಬೇಡಿ. ಕಾವಲುಗಾರರನ್ನು ಒಂದು ಮಾತು ಕೇಳಿಯೇ ಇಡಿ.

ಕಡೆತದ ಕಂಬಗಳಿಗೆ ಗೋಡೆಗೆ ಒರಗಿ ನಿಂತು, ಉಸಿರು ಬಿಡುತ್ತಾ, 1/15 ಸೆಕೆಂಡಿನಲ್ಲಿ ಮೂರು ನಾಲ್ಕು ಸಲ ತೆಗೆಯಿರಿ. ಒಂದಾದರೂ ಚೂಪಾಗಿ ಬರುತ್ತದೆ. ಎಲ್‌ಇಡಿ ದೀಪವಿರುವ ಗುಡಿಗಳಲ್ಲಿ ಚಿತ್ರದಲ್ಲಿ ಅಡ್ಡಪಟ್ಟೆ ಬಂದರೆ ಶಟರ್ 1/50 ಅಥವಾ 1/100ಕ್ಕೆ ಇಡಿ. ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ಮಿನುಗು ಅದಕ್ಕೆ ಹೊಂದುತ್ತದೆ.

ವಿಗ್ರಹಗಳ ಪೀಠದಲ್ಲಿ ಶಿಲ್ಪಿ ಮಲ್ಲಿತಮ್ಮನ ಹೆಸರು ಹಲವು ಕಡೆ ಇದೆ. ಆ ಅಕ್ಷರಗಳು ಆಳವಿಲ್ಲದವು, ಎದುರುಬೆಳಕಿಗೆ ಕಾಣುವುದಿಲ್ಲ. ಮೊಬೈಲ್ ಟಾರ್ಚನ್ನು ಕಲ್ಲಿಗೆ ತಾಗಿಸದೆ ಪಕ್ಕದಿಂದ ಹತ್ತು ಡಿಗ್ರಿ ಓರೆಯಾಗಿ ಹಿಡಿದರೆ ಅಕ್ಷರ ಒಂದೊಂದಾಗಿ ಎದ್ದು ನಿಲ್ಲುತ್ತವೆ. ಸೀಮೆಸುಣ್ಣ, ಹಿಟ್ಟು, ನೀರು ಯಾವುದನ್ನೂ ಅಕ್ಷರಕ್ಕೆ ಸವರಬಾರದು. ಬಳಪದ ಕಲ್ಲು ಮೆತ್ತಗಿನದು, ಉಜ್ಜಿದಷ್ಟೂ ಸವೆಯುತ್ತದೆ.

ಅರಮನೆಯ ದೀಪ

ಭಾನುವಾರ ಮತ್ತು ಸರ್ಕಾರಿ ರಜಾದಿನಗಳಲ್ಲಿ ಸಂಜೆ 7ಕ್ಕೆ ದೀಪ ಹತ್ತುತ್ತದೆ. ಕಪ್ಪು ಆಕಾಶದ ಮುಂದೆ ದೀಪದ ಚುಕ್ಕೆಗಳಷ್ಟೇ ಕಂಡು ಕಟ್ಟಡ ಮಾಯವಾಗುತ್ತದೆ. ಕಡುನೀಲಿ ಉಳಿದಿದ್ದರೆ ಗುಮ್ಮಟದ ಮೈಯೂ ಕಾಣುತ್ತದೆ. ಮೈಸೂರಿನಲ್ಲಿ ನವೆಂಬರಿನಲ್ಲಿ ಸೂರ್ಯ 5.55ರ ಸುಮಾರಿಗೇ ಮುಳುಗುತ್ತಾನೆ, ಜೂನ್ ಕೊನೆಗೆ 6.50ಕ್ಕೆ. ಹಾಗಾಗಿ 7 ಗಂಟೆಯ ದೀಪಕ್ಕೆ ನೀಲಿ ಆಕಾಶ ಸಿಗುವುದು ಮೇ ಮಧ್ಯದಿಂದ ಆಗಸ್ಟ್ ಮೊದಲವರೆಗೆ, ಅದೂ ಹದಿನೈದು ನಿಮಿಷ. ದಸರಾ ಹೊತ್ತಿಗೆ ಆಕಾಶ ಕತ್ತಲಾಗಿರುತ್ತದೆ. ಆಗ ಮಳೆ ಬಂದು ನೆಲ ಒದ್ದೆಯಾಗಿದ್ದರೆ ಪ್ರತಿಬಿಂಬದ ಮೇಲೆ ಗಮನ ಕೊಡಿ.

ಕಾಲು ಕೆಜಿ ಹೆಸರುಕಾಳು ತುಂಬಿದ ಬಟ್ಟೆಚೀಲವನ್ನು ಯಾವುದಾದರೂ ಕಟ್ಟೆಯ ಮೇಲಿಟ್ಟು ಕ್ಯಾಮೆರಾ ಅದರಲ್ಲಿ ಕೂರಿಸಿ. ಐಎಸ್‌ಒ 125, ಎಫ್/4, ಅರ್ಧ ಸೆಕೆಂಡ್, ಟೈಮರ್ 2 ಸೆಕೆಂಡ್. ಬೆಳಕಿನ ಬಣ್ಣಕ್ಕೆ ಚಿತ್ರವನ್ನು ಹೊಂದಿಸುವ ವೈಟ್ ಬ್ಯಾಲೆನ್ಸ್ ಆಟೊ ಬೇಡ. ದೀಪದ ಬಂಗಾರದ ಬಣ್ಣವನ್ನು ಅದು ಬಿಳುಪಾಗಿಸುತ್ತದೆ. 3200 ಕೆಲ್ವಿನ್‌ಗೆ ಕೈಯಾರೆ ಇಡಿ.

ಕಂಪ್ಯೂಟರಿನಲ್ಲಿ

ಡಾರ್ಕ್‌ಟೇಬಲ್, ರಾಥೆರಪಿ, ಗಿಂಪ್, ಹ್ಯೂಗಿನ್ ಈ ನಾಲ್ಕು ತಂತ್ರಾಂಶಗಳೂ ಉಚಿತ, ನಾಲ್ಕೂ ಸಾಕು. ಮೊದಲೆರಡು ರಾ ಫೈಲ್ ತಿದ್ದಲು, ಗಿಂಪ್ ಚಿತ್ರ ತಿದ್ದಲು, ಹ್ಯೂಗಿನ್ ಚಿತ್ರಗಳನ್ನು ಜೋಡಿಸಲು. ಮೊಬೈಲಿನಲ್ಲೇ ಮುಗಿಸುವವರಿಗೆ ಸ್ನ್ಯಾಪ್‌ಸೀಡ್‌ನ ಪರ್ಸ್‌ಪೆಕ್ಟಿವ್ ಉಪಕರಣ ಇದೆ.

ಮೊದಲು ಲೆನ್ಸ್ ಕರೆಕ್ಷನ್. ಪುಟ್ಟ ಕ್ಯಾಮೆರಾಗಳ ಲೆನ್ಸ್ 24 ಮಿ.ಮೀ.ನಲ್ಲಿ ಅಂಚಿನ ಗೆರೆಗಳನ್ನು ಪೀಪಾಯಿಯಂತೆ ಉಬ್ಬಿಸುತ್ತದೆ. ಜೆಪೆಗ್‌ನಲ್ಲಿ ಕ್ಯಾಮೆರಾವೇ ತಿದ್ದಿರುತ್ತದೆ, ರಾ ಫೈಲಿನಲ್ಲಿ ನೀವು ಆನ್ ಮಾಡಬೇಕು. ಇದನ್ನು ಬಿಟ್ಟು ಪರ್ಸ್‌ಪೆಕ್ಟಿವ್‌ಗೆ (ಓರೆಯಾದ ಗೆರೆಗಳನ್ನು ನೆಟ್ಟಗೆ ಮಾಡುವುದಕ್ಕೆ) ಹೋದರೆ ಬಾಗಿದ ಗೆರೆಯನ್ನು ನೆಟ್ಟಗೆ ಮಾಡಲು ಹೆಣಗಿದಂತಾಗುತ್ತದೆ. ಗೋಪುರದ ಅಂಚಿನಲ್ಲಿ ಆಕಾಶಕ್ಕೆ ಎದುರಾಗಿ ನೇರಳೆ ಗೆರೆ ಕಂಡರೆ ಕ್ರೊಮ್ಯಾಟಿಕ್ ಅಬರೇಷನ್ ಎನ್ನುವ ಆ ದೋಷವನ್ನೂ ಇಲ್ಲೇ ತೆಗೆಯಿರಿ.

ನಂತರ ವೈಟ್ ಬ್ಯಾಲೆನ್ಸ್. ಬಳಪದ ಕಲ್ಲನ್ನು ಬೂದು ಎಂದು ಭಾವಿಸಿ ಬಣ್ಣ ಆರಿಸುವ ಐಡ್ರಾಪರ್ ಅದರ ಮೇಲೆ ಒತ್ತಿದರೆ ಅದರ ಸಹಜ ಹಸಿರು ಹೋಗಿಬಿಡುತ್ತದೆ. ಸ್ಥಳದಲ್ಲೇ ಗೋಡೆಯ ಪಕ್ಕ ಬೂದು ಕಾರ್ಡ್ ಹಿಡಿದು ಒಂದು ಚಿತ್ರ ತೆಗೆದುಕೊಂಡು, ಆ ಅಳತೆಯನ್ನೇ ಉಳಿದವಕ್ಕೆ ಹಚ್ಚಿ. ನೆರಳಿನ ಗೋಡೆಗೆ ಬೇರೆ, ಬಿಸಿಲಿನ ಗೋಡೆಗೆ ಬೇರೆ ಕಾರ್ಡ್ ಚಿತ್ರ. ನೀಲಿ ಆಕಾಶದ ಬೆಳಕು ನೆರಳಿನಲ್ಲಿರುವ ಕಲ್ಲಿಗೆ ನೀಲಿ ಬಳಿಯುತ್ತದೆ.

ಪರ್ಸ್‌ಪೆಕ್ಟಿವ್‌ನಲ್ಲಿ ಎರಡು ಲಂಬ ಗೆರೆಗಳನ್ನು ನೀವೇ ಗುರುತಿಸಿ. ಇಲ್ಲೊಂದು ಎಚ್ಚರ ಬಹಳ ಮುಖ್ಯ. ನಮ್ಮ ಗೋಪುರಗಳು ಕಟ್ಟುವಾಗಲೇ ಮೇಲೆ ಹೋದಂತೆ ಕಿರಿದಾಗುವಂಥವು. ಚಾಮುಂಡಿ ಬೆಟ್ಟದ ಗೋಪುರದ ಎರಡು ಓರೆ ಅಂಚುಗಳನ್ನು ಲಂಬವೆಂದು ಕೊಟ್ಟರೆ ತಂತ್ರಾಂಶ ಅದನ್ನು ಪೆಟ್ಟಿಗೆ ಮಾಡಿಬಿಡುತ್ತದೆ. ಸ್ವಯಂಚಾಲಿತ ಆಯ್ಕೆ ಮಾಡುವುದೂ ಇದೇ ತಪ್ಪನ್ನು. ಬಾಗಿಲವಾಡದ ನಿಲುವುಗಳನ್ನು, ಕೆಳಗಿನ ಕಲ್ಲುಗೋಡೆಯ ಅರೆಗಂಬಗಳನ್ನು ಹಿಡಿಯಿರಿ. ಶ್ರೀರಂಗಪಟ್ಟಣದ ಕೋಟೆಗೋಡೆಯ ಇಳಿಜಾರಿಗೂ ಇದೇ ನಿಯಮ. ತಿದ್ದುವ ಕೈ ಅಭ್ಯಾಸವಾಗಬೇಕಾದರೆ ಮೇಲುಕೋಟೆಯ ರಾಯಗೋಪುರ ಒಳ್ಳೆಯದು. ಪೂರ್ತಿಯಾಗದೆ ನಿಂತ ಆ ಎತ್ತರದ ಕಂಬಗಳೇ ಲಂಬದ ಗುರುತು.

ತುಂಬ ಎತ್ತರದ ಕಟ್ಟಡವನ್ನು ಹತ್ತಿರದಿಂದ ತೆಗೆದಿದ್ದರೆ ನೂರಕ್ಕೆ ನೂರು ತಿದ್ದಬೇಡಿ. ಕಣ್ಣಿಗೆ ಮೇಲ್ಭಾಗ ಹೊರಕ್ಕೆ ಚಾಚಿದಂತೆ ಅನ್ನಿಸುತ್ತದೆ. ಶೇಕಡಾ 85-90ರಷ್ಟಕ್ಕೆ ನಿಲ್ಲಿಸಿ. ಕಟ್ಟಡ ಉದ್ದಕ್ಕೆ ಎಳೆದಂತೆ ಕಂಡರೆ ಉದ್ದ ಅಗಲದ ಅನುಪಾತ ಬದಲಿಸುವ ಆಸ್ಪೆಕ್ಟ್ ಸ್ಲೈಡರಿನಿಂದ ಸರಿಮಾಡಿ. ದುಂಡಗಿರಬೇಕಾದ ಗಡಿಯಾರದ ಮುಖವೋ ಕಿಟಕಿಯ ಕಮಾನೋ ಒಳ್ಳೆಯ ಅಳತೆಗೋಲು.

ಇನ್ನು ಆಳ. ಡಾರ್ಕ್‌ಟೇಬಲ್‌ನ ಲೋಕಲ್ ಕಾಂಟ್ರಾಸ್ಟ್ ಸ್ವಲ್ಪವೇ ಏರಿಸಿ. ಕಟ್ಟಡದ ಸುತ್ತ ಆಕಾಶದಲ್ಲಿ ಬೆಳ್ಳನೆಯ ಪ್ರಭಾವಳಿ ಕಾಣತೊಡಗಿದರೆ ಮಿತಿ ದಾಟಿತು ಎಂದೇ ಅರ್ಥ, ಇಳಿಸಿ. ನೆರಳು ಪೂರ್ತಿ ಎತ್ತಿಬಿಟ್ಟರೆ ಬಿಸಿಲು ಹುಡುಕಿಕೊಂಡು ಹೋದದ್ದೇ ವ್ಯರ್ಥ. ಕೆತ್ತನೆಯ ಸಂದುಗಳು ಕಪ್ಪಾಗಿಯೇ ಇರಲಿ. ಶಾರ್ಪನಿಂಗ್ ಕೊನೆಗೆ, ತ್ರಿಜ್ಯ 0.8ರಿಂದ 1 ಪಿಕ್ಸೆಲ್, ನೂರು ಶೇಕಡಾ ಗಾತ್ರದಲ್ಲಿ ನೋಡುತ್ತಾ.

ಪಟ್ಟಿಕೆಗಳನ್ನು ಉದ್ದಕ್ಕೆ ಜೋಡಿಸಬೇಕಿದ್ದರೆ ನಿಂತಲ್ಲೇ ತಿರುಗಬೇಡಿ. ಪಟ್ಟಿಕೆಯ ಎತ್ತರಕ್ಕೆ ಕುಕ್ಕರಗಾಲಿನಲ್ಲಿ ಕೂತು, ಗೋಡೆಯಿಂದ ಒಂದೇ ದೂರ ಕಾಯ್ದುಕೊಂಡು, ಪಕ್ಕಕ್ಕೆ ಸರಿಯುತ್ತಾ, ಪ್ರತಿ ಚಿತ್ರದಲ್ಲೂ ಹಿಂದಿನದರ ಶೇಕಡಾ 40 ಬರುವಂತೆ ತೆಗೆಯಿರಿ. ಎಕ್ಸ್‌ಪೋಷರ್ ಮ್ಯಾನ್ಯುಯಲ್, 50-70 ಮಿ.ಮೀ. ಜೂಮ್. ಹ್ಯೂಗಿನ್‌ನಲ್ಲಿ ಕ್ಯಾಮೆರಾ ಸ್ಥಾನವೂ ಬದಲಾಗಿದೆ ಎಂಬ ಆಯ್ಕೆ ಕೊಟ್ಟು ಜೋಡಿಸಿ. ಗೋಡೆ ತಿರುಗುವ ಮೂಲೆಯಲ್ಲಿ ನಿಲ್ಲಿಸಿ ಹೊಸದಾಗಿ ಶುರುಮಾಡಿ. ಎರಡು ಮುಖಗಳನ್ನು ಒಂದೇ ಜೋಡಣೆಗೆ ಹಾಕಿದರೆ ಮೂಲೆಯಲ್ಲಿ ಆನೆಗೆ ಐದು ಕಾಲು ಬರುತ್ತದೆ.

ಓಡಾಡುವ ಜನರನ್ನು ತೆಗೆಯಲು ಒಂದೇ ಜಾಗದಿಂದ ಹತ್ತು ಹದಿನೈದು ಚಿತ್ರ, ನಡುವೆ ಕೆಲವು ಸೆಕೆಂಡ್ ಬಿಟ್ಟು ತೆಗೆಯಿರಿ. ಹ್ಯೂಗಿನ್ ಜತೆ ಬರುವ ಉಪಕರಣದಿಂದ ಸಾಲುಗೂಡಿಸಿ, ಗಿಂಪ್‌ನಲ್ಲಿ ಜಿಮಿಕ್ ಪ್ಲಗಿನ್ನಿನ ಮೀಡಿಯನ್ ವಿಧಾನದಲ್ಲಿ (ಪ್ರತಿ ಚುಕ್ಕೆಗೂ ಎಲ್ಲ ಚಿತ್ರಗಳ ನಡುವಿನ ಬೆಲೆ ಹಿಡಿಯುವ ವಿಧಾನ) ಬೆರೆಸಿದರೆ ಚಲಿಸಿದವರು ಮಾಯವಾಗುತ್ತಾರೆ. ಒಂದೇ ಕಡೆ ಕೂತವರು ಉಳಿಯುತ್ತಾರೆ. ವಿದ್ಯುತ್ ತಂತಿಯನ್ನು ಹೀಲ್ ಉಪಕರಣದಿಂದ ಅಳಿಸಬಹುದು. ಒಡೆದ ಮೂಗು, ಬಿರುಕು, ಹೊಸ ಸಿಮೆಂಟಿನ ತೇಪೆ ಇವನ್ನು ಮಾತ್ರ ಅಳಿಸಬೇಡಿ. ನಾಳೆ ಯಾರಾದರೂ ಬಿರುಕು ಎಷ್ಟು ಬೆಳೆದಿದೆ ಎಂದು ನೋಡಲು ನಿಮ್ಮ ಚಿತ್ರವನ್ನೇ ಹುಡುಕಬಹುದು. ಅದಕ್ಕಾಗಿ ಫೈಲಿನ ಹೆಸರಿನಲ್ಲೇ ಊರು, ಕಟ್ಟಡ, ಗೋಡೆಯ ದಿಕ್ಕು, ತಾರೀಖು, ಗಂಟೆ ಐದನ್ನೂ ಬರೆಯಿರಿ: ಸೋಮನಾಥಪುರ, ಕೇಶವ, ಉತ್ತರ ಗರ್ಭಗುಡಿಯ ಈಶಾನ್ಯ ಮುಖ, ಮೇ 18, 9.40. ಮುಂದಿನ ವರ್ಷ ಅದೇ ಬೆಳಕು ಬೇಕೆಂದಾಗ ಯಾವ ದಿನ ಯಾವ ಹೊತ್ತಿಗೆ ಬಸ್ಸು ಹತ್ತಬೇಕು ಎಂಬುದೂ ಅದರಲ್ಲೇ ಸಿಗುತ್ತದೆ.